ಎಂಟರಿಂದ ಹತ್ತರ ತನಕ

ಬಸ್ಸಿಗೆ ಕಟ್ಟಿರುವ ಹೆಚ್ಚುವರಿ ಗಾಲಿಗೆ ನಮ್ಮ ಕಡೆ ಎಲ್ಲರೂ ಸ್ಟೆಪ್ನಿ ಎನ್ನುತ್ತಾರೆ. ಆ ಹೆಸರನ್ನು ನಮ್ಮ ಗಣಿತದ ಸರ್‌ಗೆ ಮೊದಲು ಇಟ್ಟವರು ಯಾರೋ ತಿಳಿಯದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲಿಯ ಮಾಸ್ತರ ಮಂದಿಗೂ ಅವರ ನಿಜವಾದ ಹೆಸರು ಹೇಳಿದರೆ ಒಂದು ಗಳಿಗೆ ಯೋಚಿಸುತ್ತಿದ್ದರು. ಸ್ಟೆಪ್ನಿ ಸರ್ ಎಂದರೆ ಸಾಕು, ಮುಖ ಅರಳುತ್ತಿತ್ತು. ಅವರಿಗೂ ಆ ಹೆಸರು ಗೊತ್ತಿತ್ತು. ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅವರ ಪರವಾಗಿ ನನಗೇ ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ ಎಂದು ನಮ್ಮ ಶಾಲೆಯವರು ಹೇಳುತ್ತಾರೆ. ಇರಲಿ.

ಅವರು ಹೋದ ವರ್ಷ ನಿವೃತ್ತರಾದರು. ಶಿಕ್ಷಕರ ಸಂಘದವರು ಸ್ಮರಣ ಸಂಚಿಕೆಗೆಂದು ನಾಲ್ಕು ಸಾಲು ಬರೆದುಕೊಡಿ ಎಂದರು. 'ಬಹುಮುಖ ಪ್ರತಿಭೆ' ಎಂಬ ಮಾತು ಬರುವಂತೆ ನೋಡಿಕೊಳ್ಳಿ ಎಂದೂ ಸೇರಿಸಿದರು. ಆ ಮಾತನ್ನು ನಾನು ಬರೆಯಲಿಲ್ಲ. ಅವರನ್ನು ಕಟ್ಟಿಹಾಕಿದ್ದೇ ಆ ಮಾತು.

ಹೊರಗಿನವರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಸರಕಾರಿ ಶಾಲೆಗಳಲ್ಲಿ ನಿಯೋಜನೆ ಎಂಬ ಪದ್ಧತಿ ಇದೆ. ಮಾಸ್ತರರ ಹೆಸರು, ಹುದ್ದೆ, ಪಗಾರ ಎಲ್ಲ ಒಂದು ಶಾಲೆಯಲ್ಲಿ. ಪಾಠ ಮಾತ್ರ ಇನ್ನೊಂದು ಶಾಲೆಯಲ್ಲಿ. ಎಲ್ಲಿಯಾದರೂ ಯಾರೋ ಹೆರಿಗೆ ರಜೆಗೆ ಹೋದರೆ, ಕಾಯಿಲೆ ಬಿದ್ದರೆ, ಆ ಖಾಲಿ ಜಾಗಕ್ಕೆ ಇನ್ನೊಬ್ಬರನ್ನು ನಾಲ್ಕು ತಿಂಗಳಿಗೋ ವರ್ಷಕ್ಕೋ ಕಳಿಸುತ್ತಾರೆ. ಸರ್ ಹೆಸರು ಇದ್ದದ್ದು ಸೇಡಂ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಹೈಸ್ಕೂಲಿನಲ್ಲಿ. ಮನುಷ್ಯ ಮಾತ್ರ ಯಾವಾಗಲೂ ಬೇರೆಲ್ಲೋ. ಓದಿದ್ದು ಗಣಿತ. ವಾಡಿಯಲ್ಲಿ ಹಿಂದಿ ಕಲಿಸಿದರು, ಶಹಾಬಾದಿನಲ್ಲಿ ಇಂಗ್ಲಿಷು, ಚಿತ್ತಾಪುರದಲ್ಲಿ ಸಮಾಜ. ಒಂದು ಊರಲ್ಲಿ ಡ್ರಿಲ್ ಮಾಸ್ತರರಿಲ್ಲ ಎಂದು ಖೋಖೋ ತಂಡ ಕಟ್ಟಿ ಜಿಲ್ಲೆಯವರೆಗೆ ಕರೆದುಕೊಂಡು ಹೋದರು. ಇನ್ನೊಂದು ಊರಲ್ಲಿ ಪ್ರಾರ್ಥನೆಗೆಂದು ಹಾರ್ಮೋನಿಯಂ ಕಲಿತರು. ಕೊಟ್ಟ ಕೆಲಸವನ್ನೆಲ್ಲ ಕಲಿತು ಮಾಡುತ್ತಿದ್ದರು, ಅದೂ ಚೆನ್ನಾಗಿ. ಅವರ ಕೈಚೀಲದಲ್ಲಿ ಸದಾ ಒಂದು ಲುಂಗಿ, ಒಂದು ಟವೆಲ್ಲು, ಸಾಬೂನು ಇರುತ್ತಿದ್ದವು.

ನಾನು ಅದೇ ಶಾಲೆಯ ಕನ್ನಡ ಶಿಕ್ಷಕಿ. ನೌಕರಿಗೆ ಸೇರಿದ್ದು ಇಲ್ಲಿಯೇ, ಇನ್ನೂ ಇಲ್ಲಿಯೇ. ನನ್ನನ್ನು ಯಾರೂ ನಿಯೋಜನೆ ಮೇಲೆ ಕಳಿಸಲಿಲ್ಲ. ಒಮ್ಮೆ ಕಳಿಸಲು ನೋಡಿದ ಹೆಡ್‌ಮಾಸ್ತರರಿಗೆ ನಾನು ಹೇಳಿದ ಮಾತು, ಆಮೇಲೆ ಬಂದ ಹೆಡ್‌ಮಾಸ್ತರರಿಗೆಲ್ಲ ಚಾರ್ಜಿನ ಜೊತೆಗೇ ಹಸ್ತಾಂತರವಾಗುತ್ತ ಬಂದಿದೆ. ಹಾಗಾಗಿ ವರ್ಷಗಟ್ಟಲೆ ಅವೇ ಪದ್ಯ, ಅದೇ ವ್ಯಾಕರಣ, ಕಿಟಕಿಯಾಚೆ ಅದೇ ಬೇವಿನ ಮರ. ಗಂಟೆ ಹೊಡೆಯುವ ಮೊದಲೇ ಮುಂದಿನ ಪ್ರಶ್ನೆ ಏನು, ಯಾವ ಬೆಂಚಿನಿಂದ ಬರುತ್ತದೆ ಎಂದು ಹೇಳಬಲ್ಲೆ. ಕೆಲವು ಮಧ್ಯಾಹ್ನ ಅದೇ ಕೋಣೆಯಲ್ಲಿ ನಿಂತು ಅದೇ ಸಾಲನ್ನು ಓದುವಾಗ ಉಸಿರು ಕಟ್ಟಿದಂತಾಗುತ್ತಿತ್ತು. ಸರ್ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು, ಅದನ್ನು ಮುಚ್ಚಿಡುವುದಿಲ್ಲ.

ತಿಂಗಳಿಗೊಮ್ಮೆ ಪಗಾರದ ಕಾಗದಕ್ಕೆ ಸಹಿ ಹಾಕಲು ಅವರು ನಮ್ಮ ಶಾಲೆಗೆ ಬರುತ್ತಿದ್ದರು. ಸಂಜೆ ಇಬ್ಬರೂ ಸೇಡಂವರೆಗೆ ಒಂದೇ ಬಸ್ಸಿಗೆ ಹೋಗಿ, ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು ಚಾ ಕುಡಿಯುವುದು ರೂಢಿಯಾಗಿತ್ತು. ಅಂಗಡಿಯ ಫರ್ಶಿ ಹಾಸುಗಲ್ಲಿನ ಕಟ್ಟೆಯ ಮೇಲೆ, ಮಾತಾಡುತ್ತಲೇ, ನೀರಿನಲ್ಲಿ ಅದ್ದಿದ ಬೆರಳಿನಿಂದ ಏನೋ ಲೆಕ್ಕ ಬರೆಯುವುದು ಅವರ ಚಾಳಿ. ಬಿಸಿಲಿಗೆ ಕಾದ ಕಲ್ಲು ಮೊದಲ ಸಾಲನ್ನು ಕುಡಿಯುವಷ್ಟರಲ್ಲಿ ಅವರು ಮೂರನೇ ಸಾಲಿನಲ್ಲಿರುತ್ತಿದ್ದರು.

"ನಿಮಗೇನ್ರಿ ಸರ್, ಊರೂರು ತಿರಗೀರಿ, ನಾಕ್ ಭಾಷಾ ಕಲ್ತೀರಿ. ನಾ ನೋಡ್ರಿ, ಇಲ್ಲೇ ಬೇರು ಬಿಟ್ಟು ಕುಂತೀನಿ" ಎಂದು ಒಮ್ಮೆ ರೇಗಿಸಿದೆ.

"ಆ ಬೇವಿನ ಗಿಡ ನಿಮ್ಮ ಕಣ್ಣ ಮುಂದ ದೊಡ್ಡದಾತಲ್ರಿ ಮೇಡಂ" ಎಂದರು. "ನಾ ಯಾವ ಗಿಡಾನೂ ಬೆಳಿಯೂದು ನೋಡಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಬೆರಳು ಕಲ್ಲಿನ ಮೇಲೆ ನಿಂತಿತ್ತು.

"ಶಹಾಬಾದದಾಗ ಫರ್ಶಿ ತೆಗೆಯೂದು ನೋಡೀನಿ. ಮ್ಯಾಲಿನ ಪದರ ಹುಡಿಹುಡಿ ಇರ್ತದ, ಯಾತಕ್ಕೂ ಬರಂಗಿಲ್ಲ. ಛಲೋ ಕಲ್ಲು ತೆಳಗ ಇರ್ತದ. ನಾ ಎಲ್ಲಿ ಹೋದ್ರೂ ಬರೇ ಮ್ಯಾಲಿನ ಪದರ ತೆಗದೀನ್ರಿ. ತೆಳಗಿಂದು ಕಾಣಸ್ಲಿಕತ್ತದ ಅನ್ನೂದ್ರಾಗ ಬ್ಯಾರೆ ಕಡಿಗಿ ಕರೀತಾರ."

"ಮತ್ತ ಏನ್ ಬೇಕಾಗ್ಯಾದ ನಿಮಗ?"

"ಒಂದೇ ಒಂದು ಕ್ಲಾಸು. ಎಂಟನೇತ್ತದಾಗ ಹಿಡಿದು ಹತ್ತರ ತನಕ ನಾನೇ ಗಣಿತ ಕಲಸಬೇಕು. ಅವೇ ಮಕ್ಕಳು, ಅದೇ ಕೋಣಿ. ಒಂದ್ ಸಲ. ಭಾಳ ಕೇಳ್ಳಿಕತ್ತೀನೇನ್ರಿ?"

ಇಷ್ಟು ವರ್ಷದ ನೌಕರಿಯಲ್ಲಿ ಅದೊಂದು ಅವರಿಗೆ ದಕ್ಕಿರಲಿಲ್ಲ. ನಾನು ಪ್ರತಿ ಮೂರು ವರ್ಷಕ್ಕೊಮ್ಮೆ ಯೋಚನೆಯೇ ಇಲ್ಲದೆ ಮಾಡಿ ಮುಗಿಸುತ್ತಿದ್ದ ಕೆಲಸ ಅದು. ಅಂದು ಬಸ್ಸಿನಲ್ಲಿ ಮನೆಗೆ ಹೋಗುವಾಗ ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು. ಅವರಿಗೆ ಒಂದು ಉಪಾಯ ಹೇಳಿಕೊಡಬೇಕೆಂದು ನಿರ್ಧರಿಸಿದೆ.

ಉಪಾಯ ಸರಳವಾಗಿತ್ತು. "ಒಂದ್ ಸಲ ಕೆಟ್ಟ ಪಾಠ ಮಾಡ್ರಿ. ಎರಡನೇ ಸಲ ಯಾರೂ ಕರಿಯಂಗಿಲ್ಲ" ಎಂದೆ.

ಆಗ ಅವರನ್ನು ಚಿತ್ತಾಪುರದ ಒಂದು ಶಾಲೆಗೆ ಸಮಾಜ ವಿಜ್ಞಾನ ಕಲಿಸಲು ಕಳಿಸಿದ್ದರು. ಅವರು ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ಕುರ್ಚಿಯ ಮೇಲೆ ಕೂತು, ಒಬ್ಬೊಬ್ಬರೇ ಎದ್ದು ಪುಸ್ತಕ ಓದಿ ಎಂದರಂತೆ. ಒಂದೆರಡು ದಿನ ಹಾಗೇ ನಡೆಯಿತು. ಆಮೇಲೆ ನ್ಯಾಯಾಲಯದ ಪಾಠ ಓದುತ್ತಿದ್ದ ಹುಡುಗಿಯೊಬ್ಬಳು, 'ಸರ್, ಸಾಕ್ಷಿ ಸುಳ್ಳು ಹೇಳಿದ್ರ ಜಡ್ಜ್ ಸಾಹೇಬ್ರಿಗಿ ಹ್ಯಾಂಗ ಗೊತ್ತಾಗ್ತದ?' ಎಂದು ಕೇಳಿದಳು. ಸರ್ ಸುಮ್ಮನೆ ಕೂತರು. ಅವಳು ಕೂತಿಲ್ಲ, ಉತ್ತರಕ್ಕೆ ನಿಂತೇ ಇದ್ದಾಳೆ. ಮರುದಿನ ಇಡೀ ತರಗತಿ ಸಾಲಾಗಿ ಚಿತ್ತಾಪುರದ ಕೋರ್ಟಿನ ವರಾಂಡದಲ್ಲಿತ್ತು. ಪರಿಚಯದ ವಕೀಲರೊಬ್ಬರನ್ನು ಹಿಡಿದು ಮಕ್ಕಳಿಗೆ ಪಾಟೀಸವಾಲು ಅಂದರೇನು ಎಂದು ಹೇಳಿಸಿದರು. ಮರಳಿ ಬಂದು ತರಗತಿಯಲ್ಲೇ ಒಂದು ಅಣಕು ಖಟ್ಲೆ ಹೂಡಿಸಿದರು. ಆ ಸುದ್ದಿ ಮೇಲಿನವರೆಗೆ ಹೋಯಿತು. 'ಯಾವ ವಿಷಯ ಕೊಟ್ಟರೂ ಸೈ' ಎಂಬ ಕೀರ್ತಿ ಇನ್ನೂ ಗಟ್ಟಿಯಾಯಿತು.

"ಕೆಟ್ಟ ಪಾಠ ಮಾಡ್ಲಿಕ್ಕಿ ಬರಂಗಿಲ್ರಿ ನನಗ" ಎಂದು ಮುಂದಿನ ತಿಂಗಳು ಬಂದು ತಪ್ಪೊಪ್ಪಿಕೊಂಡವರಂತೆ ಹೇಳಿದರು. ನಾನು ಹಣೆ ಚಚ್ಚಿಕೊಂಡೆ.

ಕೊರೊನಾ ಮುಗಿದು ಶಾಲೆಗಳು ಪೂರ್ತಿ ತೆರೆದ ಮೇಲೆ ಒಂದು ಜೂನ್‌ನಲ್ಲಿ ಎಲ್ಲ ನಿಯೋಜನೆಗಳನ್ನೂ ರದ್ದು ಮಾಡಿ, ಅವರವರ ಮೂಲ ಶಾಲೆಗೆ ಮರಳಬೇಕೆಂದು ಆದೇಶ ಬಂತು. ಸರ್ ನಮ್ಮ ಶಾಲೆಗೆ ಬಂದರು. ಎಂಟನೇ ತರಗತಿಯ ಗಣಿತ ತಮಗೇ ಬೇಕೆಂದು ಕೇಳಿ ತೆಗೆದುಕೊಂಡರು. ಆ ವರ್ಷ ಅವರ ನಡಿಗೆಯೇ ಬದಲಾಯಿತು. ಕೈಚೀಲದಿಂದ ಲುಂಗಿ, ಸಾಬೂನು ಹೊರಬಿದ್ದು ಅಲ್ಲಿ ರೂಲರು, ಕೈವಾರ ಸೇರಿದವು.

ಆ ತರಗತಿಯಲ್ಲಿ ಶಾಹೀನ್ ಎಂಬ ಹುಡುಗಿ ಇದ್ದಳು, ಊರಿನ ಟೇಲರ್ ಮಗಳು. ಅವಳ ಲೆಕ್ಕದ ಎಲ್ಲ ಸಾಲೂ ಸರಿ ಇರುತ್ತಿತ್ತು, ಕೊನೆಯ ಸಾಲು ಮಾತ್ರ ಇರುತ್ತಿರಲಿಲ್ಲ. ಉತ್ತರದ ಹೊಸ್ತಿಲವರೆಗೆ ಬಂದು ಪೆನ್ನು ಎತ್ತಿಬಿಡುತ್ತಿದ್ದಳು. ಮೈಗಳ್ಳತನ ಎಂದು ನಾವೆಲ್ಲ ಬೈದಿದ್ದೆವು. ಸರ್ ಬೈಯಲಿಲ್ಲ. ಜೂನ್‌ನಿಂದ ನೋಡುತ್ತ ಬಂದು, ಸಂಕ್ರಾಂತಿಯ ಹೊತ್ತಿಗೆ ಒಂದು ದಿನ ಸ್ಟಾಫ್ ರೂಮಿಗೆ ಓಡಿಬಂದಂತೆ ಬಂದರು.

"ಗೊತ್ತಾತ್ರಿ ಮೇಡಂ! ಆಕಿಗಿ ಉತ್ತರ ಗೊತ್ತದ. ಬರದ್ರ ತಪ್ಪಾಗ್ತದ ಅಂತ ಅಂಜಿಕಿ. ಬರೀಲಿಲ್ಲಂದ್ರ ತಪ್ಪೂ ಇಲ್ಲಲ್ಲ? ಇದು ನಾಕ್ ತಿಂಗಳಾಗ ತಿಳಿಯೂದಲ್ರಿ. ನಾಕ್ ತಿಂಗಳಾಗ ಬರೇ ಹೆಸರು ತಿಳಿತಾವ." ಅವರ ಕಣ್ಣಲ್ಲಿ ನೀರಿತ್ತು. "ಹತ್ತನೇತ್ತ ಬರ್ಲಿ. ಅಷ್ಟರಾಗ ಆಕಿ ಕೈಲೆ ಕೊನಿ ಸಾಲು ಬರಸ್ತೀನಿ."

ಒಂಬತ್ತರಲ್ಲಿ ಅವಳು ಒಮ್ಮೊಮ್ಮೆ ಬರೆಯತೊಡಗಿದಳು. ಬರೆದು, ಕೈಯಿಂದ ಮುಚ್ಚಿಕೊಂಡು ಕೂರುತ್ತಿದ್ದಳು. ಸರ್ ಪಕ್ಕದಲ್ಲಿ ಕೂತು ಆ ಕೈ ತಾನಾಗಿ ಸರಿಯುವವರೆಗೆ ಕಾಯುತ್ತಿದ್ದರು. ಇಷ್ಟು ವರ್ಷ ನಾನು ಒಂದೇ ಕಡೆ ಇದ್ದೆನಲ್ಲ, ಹೀಗೆ ಯಾರ ಪಕ್ಕದಲ್ಲಾದರೂ ಕಾದಿದ್ದೆನೇ ಎಂದು ಕೇಳಿಕೊಂಡೆ. ಒಂದೇ ಕಡೆ ಇದ್ದವರಿಗೆಲ್ಲ ಆಳ ಸಿಕ್ಕಿಬಿಡುತ್ತದೆ ಎಂಬ ನನ್ನ ಜಂಬ ಆಗ ಸ್ವಲ್ಪ ಇಳಿಯಿತು.

ಆ ಮಕ್ಕಳು ಹತ್ತಕ್ಕೆ ಬಂದ ಜುಲೈನಲ್ಲಿ ಹೆಡ್‌ಮಾಸ್ತರರಿಗೆ ಫೋನ್ ಬಂತು. ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆ, ಕಾಡಂಚಿನ ಒಂದು ಊರಿನ ಹೈಸ್ಕೂಲಿಗೆ ಗಣಿತಕ್ಕೆ ಯಾರೂ ಇಲ್ಲ, ಊರವರು ವಾರವಾರ ಬಂದು ಕಚೇರಿ ಮುಂದೆ ಕೂರುತ್ತಿದ್ದಾರೆ, ನಿಮ್ಮ ಸರ್ ಅವರನ್ನು ಕಳಿಸಿ ಎಂದು. ಆದೇಶಕ್ಕೆ ಸಹಿ ಒಂದು ಬಾಕಿ. ನಾನು ರಜೆ ಹಾಕಿ ಸರ್ ಜೊತೆಗೆ ಶಿಕ್ಷಣ ಇಲಾಖೆಯ ಮೇಲಿನ ಕಚೇರಿಗೆ ಹೋದೆ. ಅವರು ಒಬ್ಬರೇ ಹೋದರೆ ಆದೇಶವನ್ನು ತಾವೇ ಟೈಪು ಮಾಡಿಕೊಟ್ಟು ಬರುವವರು.

ಸಾಹೇಬರು ಬೆಂಗಳೂರಿನ ಆಚೆಯವರು, ಹೊಸದಾಗಿ ಬಂದಿದ್ದರು. ಒಳ್ಳೆಯವರೇ. ಕೂರಿಸಿ ಮಾತಾಡಿದರು.

"ನಿಮ್ಮ ಬಗ್ಗೆ ಬಹಳ ಕೇಳಿದ್ದೀನಿ. ನಿಮ್ಮಂಥವರು ತಾಲ್ಲೂಕಿಗೆ ಒಬ್ಬರಿದ್ರೆ ನನ್ನ ಕೆಲಸ ಅರ್ಧ ಕಡಿಮೆ ಆಗ್ತಿತ್ತು."

"ಸಾಹೇಬ್ರ, ಒಂದ್ ವರ್ಷ ಬಿಡ್ರಿ" ಎಂದರು ಸರ್. ಕೈ ಮುಗಿದದ್ದು ನೋಡಿ ನನಗೆ ಸಂಕಟವಾಯಿತು. "ಎಂಟು, ಒಂಬತ್ತು ನಾನೇ ಮಾಡೀನಿ. ಹತ್ತೊಂದು ಮುಗಸ್ತೀನಿ. ಆಮ್ಯಾಲ ಎಲ್ಲಿಗಂದ್ರ ಅಲ್ಲಿಗಿ ಹೋಗ್ತೀನಿ."

"ಅಲ್ಲಿ ಮಕ್ಕಳು ಮನೇಲಿ ಮಾತಾಡೋದು ತೆಲುಗು. ಬರೀ ಕನ್ನಡದಲ್ಲಿ ಹೇಳಿದ್ರೆ ಲೆಕ್ಕ ತಲೆಗೆ ಹತ್ತಲ್ವಂತೆ. ನಿಮಗೆ ತೆಲುಗು ಬರುತ್ತೆ ಅಂದ್ರು."

ಸರ್ ತಾಯಿ ತಾಂಡೂರಿನ ಕಡೆಯವರು. ಸರ್ ಮೊದಲು ಆಡಿದ್ದೇ ತೆಲುಗು.

"ಇಲ್ರಿ" ಎಂದರು. "ತೆಲುಗು ಬರಂಗಿಲ್ಲ ನನಗ."

ನನಗೆ ಕುಣಿಯುವಷ್ಟು ಖುಷಿಯಾಯಿತು. ಅದು ಮುಖದಲ್ಲಿ ಕಂಡೀತೆಂದು ತಲೆ ತಗ್ಗಿಸಿದೆ. ಸಾಹೇಬರು ಪೆನ್ನು ಕೆಳಗಿಟ್ಟು, "ಹಾಗಾದ್ರೆ ಬೇರೆ ಯಾರನ್ನಾದ್ರೂ ನೋಡಬೇಕು" ಎಂದರು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ಆ ಕಾಡಂಚಿನ ಊರಿನವಳೇ. ಜೊತೆಗೆ ಬರಬೇಕಿದ್ದ, ಕನ್ನಡ ಬಲ್ಲ ಪಂಚಾಯಿತಿ ಮೆಂಬರು ಬಸ್ಸು ತಪ್ಪಿಸಿಕೊಂಡಿದ್ದ. ಇವಳೊಬ್ಬಳೇ ಒಳಗೆ ಬಂದಿದ್ದಳು.

"ಸಾರ್, ಮಾ ಪಿಲ್ಲಕು ಲೆಕ್ಕಲು ಚೆಪ್ಪೆಟೋಳ್ಳು ಲೇರು..." ಎಂದು ಶುರುಮಾಡಿದಳು. ಮಗಳಿಗೆ ಲೆಕ್ಕ ಹೇಳುವವರಿಲ್ಲ ಎಂಬಷ್ಟು ನನಗೂ ತಿಳಿಯಿತು. ಮುಂದಿನದು ತಿಳಿಯಲಿಲ್ಲ. ಅವಳ ದನಿ ಮಾತ್ರ ಏರುತ್ತ ಹೋಯಿತು. ಸಾಹೇಬರು, "ಏನಂತೆ? ಏನಂತೆ?" ಎಂದರು. ಜವಾನ ಹಿಂದಿಯಲ್ಲಿ ಕೇಳಿ ನೋಡಿದ. ಅವಳು ಅವನ ಮುಖ ನೋಡಿ ಮತ್ತೆ ಮೊದಲಿನಿಂದ ಹೇಳಿದಳು. ಸರ್ ನನ್ನ ಪಕ್ಕದ ಕುರ್ಚಿಯಲ್ಲಿ ಕಲ್ಲಾಗಿ ಕೂತಿದ್ದರು. ನಾನು ಮೊಣಕೈಯಿಂದ ಮೆಲ್ಲಗೆ ಒತ್ತಿದೆ, ಹಾಗೇ ಇರಿ ಎಂದು. ಫ್ಯಾನು ತಿರುಗುತ್ತಿತ್ತು. ಕೊನೆಗೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಎಲ್ಲರಿಗೂ ಒಮ್ಮೆ ಕೈ ಮುಗಿದು, ಹೊರಟಳು.

ಬಾಗಿಲ ಪರದೆಯನ್ನು ಅವಳು ಸರಿಸುವಾಗ ಸರ್, "ಆಗಮ್ಮಾ" ಎಂದರು.

ಅವಳು ನಿಂತಳು. ಸರ್ ಯಾರ ಮುಖವನ್ನೂ ನೋಡದೆ ಹೇಳಿದರು. "ಸಾಹೇಬ್ರ, ಈ ತಾಯಿ ಏನಂತಾಳಂದ್ರ, ಆಕಿ ಮಗಳು ಹತ್ತನೇತ್ತ ಅದಾಳ. ಸಾಲಿ ಶುರುವಾದಾಗಿಂದ ಗಣಿತಕ್ಕ ಯಾರೂ ಬಂದಿಲ್ಲ. ಫೇಲಾದ್ರ ಓದು ಬಿಡಿಸಿ ಮದಿವಿ ಮಾಡ್ತೀವಿ ಅಂತ ಮನ್ಯಾಗ ಗಂಡಸ್ರು ಹೇಳ್ಯಾರಂತ. ಯಾರನ್ನರ ಒಬ್ಬರನ್ನ ಕೊಡ್ರಿ ಅಂತಾಳ."

ಸಾಹೇಬರು ಸರ್ ಅವರನ್ನು ನೋಡಿದರು. ಹಂಗಿಸಲಿಲ್ಲ, ನಗಲಿಲ್ಲ. ಪೆನ್ನು ತೆಗೆದುಕೊಂಡು ಸಹಿ ಮಾಡಿದರು.

ಮೆಟ್ಟಿಲಿಳಿಯುವಾಗ ನಾನು ತಡೆಯಲಾರದೆ ಕೂಗಾಡಿದೆ. "ಆಕಿ ಹೊಂಟಿದ್ದಳಲ್ರಿ! ಬಾಗಿಲ ತನಕ ಹೋಗಿದ್ದಳು! ಇನ್ನೊಂದು ಗಳಿಗಿ ಬಾಯಿ ಮುಚ್ಕೊಂಡು ಕುಂದರ್ಲಿಕ್ಕಿ ಆಗಲಿಲ್ಲೇನು ನಿಮಗ?"

"ಅದಕ್ಕೇ ಮೇಡಂ" ಎಂದರು. "ಬಾಗಿಲ ತನಕ ಹೋಗಿದ್ದಳು."

ನನಗೆ ಅಳು ಬಂತು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಆ ತಾಯಿಯ ಮೇಲೆ ಆಗುವಂತಿರಲಿಲ್ಲ. ಸಾಹೇಬರ ಮೇಲೂ ಆಗಲಿಲ್ಲ. ನಾಲ್ಕು ಭಾಷೆ, ನಾಲ್ಕಾರು ವಿಷಯ, ಹಾರ್ಮೋನಿಯಂ, ಖೋಖೋ, ಇವೆಲ್ಲ ಅವರ ಸುತ್ತ ಎದ್ದ ಗೋಡೆಗಳಂತೆ ಕಂಡವು. ಒಂದೊಂದನ್ನೂ ಅವರೇ ಕಲಿತು ಕಟ್ಟಿಕೊಂಡಿದ್ದರು.

ಸರ್ ಹೋದರು. ಆ ಊರಿನಲ್ಲಿ ಆ ವರ್ಷ ಹತ್ತನೇ ತರಗತಿಯ ಮಕ್ಕಳು ಗಣಿತದಲ್ಲಿ ಪಾಸಾದರು, ಆ ತಾಯಿಯ ಮಗಳೂ ಪಾಸಾದಳು, ಚಿಂಚೋಳಿಯಲ್ಲಿ ಕಾಲೇಜಿಗೂ ಸೇರಿದಳು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಮ್ಮ ಶಾಲೆಯಲ್ಲಿ ಆದದ್ದು ಬೇರೆ. ಕಾಗದದಲ್ಲಿ ಗಣಿತದ ಹುದ್ದೆ ಭರ್ತಿಯಾಗಿಯೇ ಇತ್ತು, ಸರ್ ಹೆಸರಿನಿಂದ. ಹಾಗಾಗಿ ಬೇರೆ ಯಾರನ್ನೂ ಕೊಡಲಿಲ್ಲ. ತಡವಾಗಿ ಒಬ್ಬ ಅತಿಥಿ ಶಿಕ್ಷಕ ಬಂದ, ಬಿಟ್ಟುಹೋದ, ಇನ್ನೊಬ್ಬ ಬಂದ. ಶಾಹೀನ್ ಪಾಸೇನೋ ಆದಳು, ಗಣಿತದಲ್ಲಿ ಅಂಚಿಗೆ. ಕಾಲೇಜಿನಲ್ಲಿ ಗಣಿತ ಬೇಡವೆಂದು ಬೇರೆ ತೆಗೆದುಕೊಂಡಳು. ಈ ಸುದ್ದಿಯನ್ನು ನಾನೇ ಸರ್‌ಗೆ ಫೋನಿನಲ್ಲಿ ಹೇಳಿದೆ.

"ಕೊನಿ ಸಾಲು ಬರದಿದ್ದಳೇನ್ರಿ?" ಎಂದು ಕೇಳಿದರು.

ಪರೀಕ್ಷೆಯ ಉತ್ತರ ನಾನೆಲ್ಲಿ ನೋಡಲಿ, ಗೊತ್ತಿಲ್ಲ ಎಂದೆ. ಅತ್ತ ಅವರ ಹಿಂದೆ ಮಕ್ಕಳು ತೆಲುಗಿನಲ್ಲಿ ಮಗ್ಗಿ ಹೇಳುವುದು ಕೇಳುತ್ತಿತ್ತು.

ನಿವೃತ್ತಿಯ ದಿನ ಜುಲೈ ತಿಂಗಳ ಕೊನೆಗೆ ಬಿತ್ತು. ಬೀಳ್ಕೊಡುಗೆ ಮೂಲ ಶಾಲೆಯಲ್ಲೇ ಆಗಬೇಕಲ್ಲ, ಸರ್ ಕಾಡಂಚಿನಿಂದ ನಸುಕಿನಲ್ಲೇ ಬಸ್ಸು ಹಿಡಿದು ನಮ್ಮಲ್ಲಿಗೆ ಬಂದರು. ಶಾಮಿಯಾನ, ಶಾಲು, ಹಣ್ಣಿನ ಬುಟ್ಟಿ, ಎಲ್ಲ ಸಿದ್ಧವಾಗಿತ್ತು. ಮಕ್ಕಳ ಪರವಾಗಿ ಮಾತಾಡಬೇಕಿದ್ದ ಎಂಟನೇ ತರಗತಿಯ ಹುಡುಗಿ ಮೈಕಿನ ಹತ್ತಿರ ಹೋಗುವ ಮೊದಲು ನನ್ನ ಕಿವಿಯಲ್ಲಿ, "ಮೇಡಂ, ಇವರೊಳಗ ಆ ಸರ್ ಯಾರ್ರಿ?" ಎಂದಳು. ತೋರಿಸಿದೆ. ಅವಳು ಮೈಕಿನಲ್ಲಿ, ನಮ್ಮ ನೆಚ್ಚಿನ ಗುರುಗಳನ್ನು ನಾವು ಎಂದೂ ಮರೆಯುವುದಿಲ್ಲ ಎಂದಳು. ಹೆಡ್‌ಮಾಸ್ತರರು ಆಲ್‌ರೌಂಡರ್ ಎಂದರು. ಸಂಘದವರು ಬಹುಮುಖ ಪ್ರತಿಭೆ ಎಂದರು. ಸರ್ ಎದ್ದು ನಿಂತು ಎಲ್ಲರಿಗೂ ಕೈ ಮುಗಿದು ಕೂತುಬಿಟ್ಟರು.

ಮಕ್ಕಳು ತರಗತಿಗೆ ಮರಳಿ, ದೊಡ್ಡವರೆಲ್ಲ ಊಟಕ್ಕೆ ಏಳುವಾಗ ನನ್ನ ಹತ್ತಿರ ಬಂದರು.

"ಎಂಟನೇತ್ತಕ್ಕ ಈಗ ಯಾವ ಪೀರಿಯಡ್ ಅದ?"

"ಕನ್ನಡ. ನಂದೇ."

"ಕೊಡ್ತೀರೇನ್ರಿ?"

ನನ್ನ ಪೀರಿಯಡ್ಡನ್ನು ಯಾರಿಗೂ ಬಿಟ್ಟವಳಲ್ಲ ನಾನು. ಬಿಟ್ಟೆ.

ಮಾಲೆಯನ್ನು ತೆಗೆಯುವುದು ಮರೆತು ಹಾಗೇ ಒಳಗೆ ಹೋದರು. ಆ ಮಕ್ಕಳಿಗೆ ಆ ವರ್ಷ ಗಣಿತಕ್ಕೆ ಇನ್ನೂ ಯಾರೂ ಬಂದಿರಲಿಲ್ಲ, ಪುಸ್ತಕ ಹೊಸದಾಗಿಯೇ ಇತ್ತು. ಸರ್ ಮೊದಲು ಒಬ್ಬೊಬ್ಬರ ಹೆಸರು ಕೇಳಿದರು. ಆಮೇಲೆ ಮೊದಲ ಪುಟ ತೆಗೆಸಿ, ಮೊದಲ ಪಾಠ ಶುರುಮಾಡಿದರು. ಲೆಕ್ಕ ಬರೆಯಿರಿ ಎಂದಾಗ ಮುಂದಿನ ಬೆಂಚಿನ ಒಬ್ಬ, "ತಪ್ಪಾದ್ರ ಹೊಡಿತೀರೇನ್ರಿ ಸರ್?" ಎಂದ.

"ತಪ್ಪು ಮಾಡ್ರಿ" ಎಂದರು. "ನಿಮ್ಮ ನಿಮ್ಮ ತಪ್ಪು ನನಗ ನೋಡಬೇಕಾಗ್ಯಾದ."

ಬೆಂಚಿನಿಂದ ಬೆಂಚಿಗೆ ಬಗ್ಗುತ್ತ ಹೋದರು. ಮಾಲೆಯ ಸೇವಂತಿಗೆ ಎಸಳು ಪಾಟಿಚೀಲಗಳ ಮೇಲೆ ಉದುರುತ್ತಿದ್ದವು. ಊಟಕ್ಕೆ ಕರೆಯಲು ಬಂದವರನ್ನು ನಾನು ಬ್ಯಾಡ ಎಂದು ಕಣ್ಣು ಬಿಟ್ಟು ಹೆದರಿಸಿ ವಾಪಸು ಕಳಿಸಿದೆ. ನನ್ನ ಪೀರಿಯಡ್ಡು ಮುಗಿಯಿತು, ಅದರ ಮುಂದಿನದೂ ಮುಗಿಯಿತು. ಕೊನೆಯ ಗಂಟೆ ಹೊಡೆದಾಗ ಅವರು ಬೋರ್ಡಿನ ಮೇಲೆ ಒಂದು ಲೆಕ್ಕದ ನಡುವೆ ಇದ್ದರು.

ಮಕ್ಕಳು ಚೀಲ ಕಟ್ಟಿಕೊಂಡರು. ಕೊನೆಯ ಸಾಲಿನ ಪುಟ್ಟ ಹುಡುಗಿಯೊಬ್ಬಳು ಎದ್ದು, "ಸರ್, ನಾಳಿ ಇದರ ಮುಂದಿಂದು ಹೇಳ್ತೀರಿ?" ಎಂದಳು.

ಸರ್ ನನ್ನ ಕಡೆ ನೋಡಿದರು. ಅವರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಕೈ ಝಾಡಿಸಿಕೊಂಡರು.

"ನಾಳಿ ನಾ ಇರಂಗಿಲ್ಲವ್ವ. ಬ್ಯಾರೆ ಸರ್ ಬರ್ತಾರ. ಅವರು ಬಂದ ಕೂಡ್ಲೆ ಹೇಳ್ರಿ, ಇಲ್ಲಿ ತನಕ ಆಗ್ಯಾದ ಅಂತ."

ಹುಡುಗಿ ಹೂಂ ಎಂದು ತಲೆಯಾಡಿಸಿ, ಪುಸ್ತಕ ತೆಗೆದು, ಆ ಪುಟದ ಮೇಲೆ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದುಕೊಂಡಳು.